ಥಿಯಾಸಫಿ ಮತ್ತು ಅಮೆರಿಕ: ದೊಡ್ಡ ಹೆಸರುಗಳ ಪಟ್ಟಿ ಮುಚ್ಚಿಟ್ಟ ಕತೆ

ಥಿಯಾಸಫಿ ಎಂದೊಡನೆ ನಮಗೆ ನೆನಪಾಗುವುದು ಅಡ್ಯಾರಿನ ಆಲದ ಮರ, ಆನಿ ಬೆಸೆಂಟ್, ಜಿಡ್ಡು ಕೃಷ್ಣಮೂರ್ತಿ. ಇದೇ ಬ್ರಹ್ಮವಿದ್ಯಾ ಸಮಾಜ ಅಮೆರಿಕದ ಸಂಸ್ಕೃತಿಯಲ್ಲಿ ಏನು ಮಾಡಿತು ಎಂದು ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. ಎಡಿಸನ್‌ನಿಂದ ಐನ್‌ಸ್ಟೈನ್‌ವರೆಗೆ ದೊಡ್ಡವರೆಲ್ಲ ಒಳಗೊಳಗೇ ಥಿಯಾಸಫಿಸ್ಟರಾಗಿದ್ದರು ಎನ್ನುವುದು ಅಭಿಮಾನಿಗಳ ಮಾತು. ಕತ್ತಲೆ ಕೋಣೆಯಲ್ಲಿ ಪ್ರೇತ ಕರೆಯುವವರ ಕೂಟವದು, ಅದರಿಂದ ಏನೂ ಆಗಲಿಲ್ಲ ಎನ್ನುವುದು ವಿರೋಧಿಗಳ ಮಾತು. ಇಬ್ಬರೂ ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ ಎಂದು ನನ್ನ ಅನಿಸಿಕೆ. ಥಿಯಾಸಫಿಯ ಪ್ರಭಾವ ಪ್ರಸಿದ್ಧರ ಸದಸ್ಯತ್ವದ ಚೀಟಿಗಳಲ್ಲಿ ಇಲ್ಲ. ಒಂದು ಪುಟ್ಟ ವಸಾಹತು, ಒಂದು ಬಯಲು ರಂಗಮಂದಿರ, ಒಂದು ಅನುವಾದಿತ ಪುಸ್ತಕದ ಟಿಪ್ಪಣಿ, ಒಬ್ಬ ಅತ್ತೆಯ ಒತ್ತಾಯ, ಇಂಥ ದಾರಿಗಳಲ್ಲಿ ಅದು ಹರಿದುಹೋಯಿತು.

"ಥಿಯಾಸಫಿ ಹುಟ್ಟಿದ್ದು ಅಡ್ಯಾರಿನಲ್ಲಿ, ಅಮೆರಿಕಕ್ಕೆ ಹೋದದ್ದು ಆಮೇಲೆ"

ಹುಟ್ಟಿದ್ದು ನ್ಯೂಯಾರ್ಕ್ ನಗರದಲ್ಲಿ. 1875ರ ಸೆಪ್ಟೆಂಬರಿನಲ್ಲಿ ಮಾತುಕತೆ ಮೊದಲಾಯಿತು, ನವೆಂಬರ್ 17ರಂದು ಹೆನ್ರಿ ಸ್ಟೀಲ್ ಆಲ್ಕಾಟ್ ಅಧ್ಯಕ್ಷ ಭಾಷಣ ಮಾಡಿದರು. ಮೂವರು ಮುಖ್ಯ ಸ್ಥಾಪಕರಲ್ಲಿ ರಷ್ಯಾದಿಂದ ಬಂದ ಹೆಲೆನಾ ಬ್ಲಾವಟ್‌ಸ್ಕಿ 1878ರಲ್ಲಿ ಅಮೆರಿಕದ ಪೌರತ್ವ ಪಡೆದರು. ವಿಲಿಯಂ ಕ್ವಾನ್ ಜಡ್ಜ್ ಡಬ್ಲಿನ್‌ನಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ನ್ಯೂಯಾರ್ಕಿಗೆ ಬಂದು ವಕೀಲರಾದವರು. ನ್ಯೂಜೆರ್ಸಿಯ ಆಲ್ಕಾಟ್ ಅಂತರ್ಯುದ್ಧದ ಕಾಲದಲ್ಲಿ ಸೇನೆಯ ಸರಬರಾಜಿನ ಮೋಸಗಳನ್ನು ತನಿಖೆ ಮಾಡಿದ ಕರ್ನಲ್. ಲಿಂಕನ್ ಹತ್ಯೆಯ ವಿಚಾರಣೆಗೂ ಅವರನ್ನು ನೇಮಿಸಲಾಗಿತ್ತು. ಬ್ಲಾವಟ್‌ಸ್ಕಿ ಮತ್ತು ಆಲ್ಕಾಟ್ ಮುಂಬಯಿಗೆ ಬಂದಿಳಿದದ್ದು 1879ರಲ್ಲಿ, ಅಡ್ಯಾರಿನ ಆವರಣ ಕೊಂಡದ್ದು 1882ರಲ್ಲಿ.

ಈ ನಡುವೆ ನ್ಯೂಯಾರ್ಕಿನಲ್ಲಿ ಕಳೆದ ಮೂರು ವರ್ಷಗಳನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆಗಲೇ ಒಂದು ದೊಡ್ಡ ಘಟನೆ ನಡೆಯಿತು. ಸಮಾಜದ ಸದಸ್ಯನಾಗಿದ್ದ ಬವೇರಿಯಾ ಮೂಲದ ಬ್ಯಾರನ್ ಡಿ ಪಾಮ್ 1876ರ ಮೇ ತಿಂಗಳಲ್ಲಿ ತೀರಿಕೊಂಡ. ತನ್ನ ದೇಹವನ್ನು ಸುಡಬೇಕೆಂಬುದು ಅವನ ಕೋರಿಕೆ. ಅಂದಿನ ಕ್ರೈಸ್ತ ಅಮೆರಿಕದಲ್ಲಿ ಹೆಣ ಸುಡುವುದು ಅಧರ್ಮದ ಕೆಲಸ, ಅದಕ್ಕೆ ಜಾಗವೂ ಇರಲಿಲ್ಲ. ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಎಂಬ ಊರಿನಲ್ಲಿ ಡಾಕ್ಟರ್ ಲೆಮಾಯ್ನ್ ಎಂಬಾತ ತನ್ನ ಸ್ವಂತ ಜಮೀನಿನಲ್ಲಿ ಚಿತಾಗಾರವೊಂದನ್ನು ಕಟ್ಟಿಸುತ್ತಿದ್ದ. ಆಲ್ಕಾಟ್ ಶವಕ್ಕೆ ಲೇಪನ ಮಾಡಿಸಿ, ತಿಂಗಳುಗಟ್ಟಲೆ ಕಾದು, ಡಿಸೆಂಬರ್ 6ರಂದು ಪತ್ರಕರ್ತರ ಮುಂದೆಯೇ ದಹನ ನಡೆಸಿದರು. ಅಮೆರಿಕದ ಆಧುನಿಕ ಚಿತಾಗಾರವೊಂದರಲ್ಲಿ ನಡೆದ ಮೊದಲ ಶವದಹನ ಅದು. ಇಂದು ಆ ದೇಶದಲ್ಲಿ ಹೂಳುವವರಿಗಿಂತ ಸುಡುವವರ ಸಂಖ್ಯೆ ಹೆಚ್ಚು. ಇದೆಲ್ಲ ಥಿಯಾಸಫಿಯಿಂದಲೇ ಆಯಿತೆಂದರೆ ಉತ್ಪ್ರೇಕ್ಷೆ. ಖರ್ಚು, ಜಾಗದ ಅಭಾವ, ಆರೋಗ್ಯದ ವಾದಗಳು ಮುಂದೆ ಆ ಕೆಲಸ ಮಾಡಿದವು. ಆದರೆ ಊರೆಲ್ಲ ಬೈಯುತ್ತಿದ್ದಾಗ ಮೊದಲ ಕೊಳ್ಳಿ ಇಟ್ಟವರು ಇವರು.

"ಅದು ಪ್ರೇತ ಕರೆಯುವವರ ಕೂಟ"

ಬ್ಲಾವಟ್‌ಸ್ಕಿ ಮತ್ತು ಆಲ್ಕಾಟ್ ಮೊದಲು ಭೇಟಿಯಾದದ್ದು 1874ರಲ್ಲಿ, ವರ್ಮಾಂಟಿನ ಒಂದು ಹಳ್ಳಿಮನೆಯಲ್ಲಿ. ಎಡ್ಡಿ ಎಂಬ ಅಣ್ಣತಮ್ಮಂದಿರು ಅಲ್ಲಿ ಪ್ರೇತಗಳನ್ನು ತೋರಿಸುತ್ತಿದ್ದರು, ಆಲ್ಕಾಟ್ ಅದನ್ನು ಪತ್ರಿಕೆಗೆ ವರದಿ ಮಾಡಲು ಹೋಗಿದ್ದರು. ಹಾಗಾಗಿ ಬೇರು ಅಲ್ಲೇ ಇದೆ ಎನ್ನುವುದರಲ್ಲಿ ಹುರುಳಿದೆ. ಆದರೆ ಸಮಾಜ ಬೆಳೆದದ್ದು ಆ ಬೇರನ್ನು ಕಡಿದುಕೊಂಡು. ಸತ್ತವರ ಆತ್ಮ ಬಂದು ಮೇಜು ಬಡಿಯುತ್ತದೆ ಎಂಬ ನಂಬಿಕೆಯನ್ನು ಬ್ಲಾವಟ್‌ಸ್ಕಿ ತಮ್ಮ 1877ರ ಮೊದಲ ದೊಡ್ಡ ಪುಸ್ತಕದಲ್ಲಿಯೇ ಕಟುವಾಗಿ ಟೀಕಿಸಿದರು. ಇದರಿಂದ ಅಮೆರಿಕದ ಪ್ರೇತವಾದಿಗಳು ಅವರ ಕಡು ವೈರಿಗಳಾದರು. ಪ್ರೇತದ ಜಾಗಕ್ಕೆ ಬಂದದ್ದು ಹಿಮಾಲಯದಾಚೆಯ ಮಹಾತ್ಮರು. ಆ ಮಹಾತ್ಮರು ಬರೆದರೆನ್ನಲಾದ ಪತ್ರಗಳ ಮೇಲೂ ವಂಚನೆಯ ಆರೋಪ ಬಂತು, ಲಂಡನ್ನಿನ ಸಂಶೋಧಕರ ಸಂಘವೊಂದರ 1885ರ ವರದಿ ಬ್ಲಾವಟ್‌ಸ್ಕಿಯವರನ್ನು ಮೋಸಗಾರ್ತಿ ಎಂದೇ ಕರೆಯಿತು. ಆ ವರದಿಯ ಬಗ್ಗೆ ವಾದ ಇಂದಿಗೂ ಮುಗಿದಿಲ್ಲ. ನನ್ನ ಮಟ್ಟಿಗೆ ಮಹಾತ್ಮರ ಪತ್ರಗಳು ಎಲ್ಲಿಂದ ಬಂದವು ಎನ್ನುವುದಕ್ಕಿಂತ, ಅವನ್ನು ಓದಿದ ಜನ ಎದ್ದುಹೋಗಿ ಏನು ಮಾಡಿದರು ಎನ್ನುವುದು ದೊಡ್ಡ ಪ್ರಶ್ನೆ.

"ಎಡಿಸನ್, ಡಬಲ್‌ಡೇ, ಐನ್‌ಸ್ಟೈನ್ ಎಲ್ಲರೂ ಥಿಯಾಸಫಿಯಿಂದ ಪ್ರೇರಿತರು"

ಥಾಮಸ್ ಎಡಿಸನ್ 1878ರಲ್ಲಿ ಸದಸ್ಯತ್ವದ ಕಾಗದಕ್ಕೆ ಸಹಿ ಹಾಕಿದ್ದು ನಿಜ. ಫೋನೋಗ್ರಾಫಿಗೆ ಪೇಟೆಂಟ್ ಸಿಕ್ಕ ವರ್ಷವೂ ಅದೇ. ಆದರೆ ಎರಡನ್ನೂ ಜೋಡಿಸುವ ಎಳೆ ಯಾವುದೂ ಇಲ್ಲ. ಫೋನೋಗ್ರಾಫ್ ಆಗಲೇ ಸಿದ್ಧವಾಗಿತ್ತು, ಸಮಾಜದ ಕೆಲಸದಲ್ಲಿ ಎಡಿಸನ್ ಕೈಜೋಡಿಸಲೂ ಇಲ್ಲ. ಐನ್‌ಸ್ಟೈನ್ ಮೇಜಿನ ಮೇಲೆ ಬ್ಲಾವಟ್‌ಸ್ಕಿಯವರ 'ದಿ ಸೀಕ್ರೆಟ್ ಡಾಕ್ಟ್ರಿನ್' ಸದಾ ಇರುತ್ತಿತ್ತು ಎಂಬ ಮಾತು ಬಾಯಿಂದ ಬಾಯಿಗೆ ಬಂದದ್ದು. ಅದನ್ನು ಚರಿತ್ರೆ ಎಂದು ಬರೆಯುವುದು ಸಲ್ಲದು.

ಅಬ್ನರ್ ಡಬಲ್‌ಡೇ ಮಾತು ಬೇರೆ. 1861ರಲ್ಲಿ ಫೋರ್ಟ್ ಸಮ್ಟರ್ ಕೋಟೆಯಿಂದ ಒಕ್ಕೂಟದ ಪರ ಮೊದಲ ಗುಂಡು ಹಾರಿಸಿದನೆಂದು ಹೆಸರಾದ ಈ ಜನರಲ್, ಸ್ಥಾಪಕರು ಭಾರತಕ್ಕೆ ಹೊರಟಾಗ ಅಮೆರಿಕದಲ್ಲಿ ಸಮಾಜದ ಹಂಗಾಮಿ ಅಧ್ಯಕ್ಷನಾದ. ಅವನು ನಿಷ್ಠೆಯ ಥಿಯಾಸಫಿಸ್ಟ್. ಅಮೆರಿಕನ್ನರಿಗೆ ಮಾತ್ರ ಅವನು ಗೊತ್ತಿರುವುದು ಬೇಸ್‌ಬಾಲ್ ಆಟವನ್ನು ಕಂಡುಹಿಡಿದವನೆಂದು, ಅದೇ ಸುಳ್ಳು. 1839ರಲ್ಲಿ ಕೂಪರ್ಸ್‌ಟೌನ್ ಊರಿನಲ್ಲಿ ಅವನು ಆಟ ರೂಪಿಸಿದ ಎಂದು ಒಂದು ಆಯೋಗ 1907ರಲ್ಲಿ ತೀರ್ಮಾನಿಸಿತು. ಆಧಾರ ಒಬ್ಬ ಮುದುಕನ ನೆನಪಿನ ಪತ್ರ. 1839ರಲ್ಲಿ ಡಬಲ್‌ಡೇ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿದ್ದ. ಆಯೋಗವನ್ನು ರಚಿಸಿದ ಕ್ರೀಡಾ ಸಾಮಗ್ರಿಯ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್ ಆ ಕಾಲಕ್ಕೆ ಸ್ಯಾನ್ ಡಿಯೇಗೋ ಪಕ್ಕದ ಪಾಯಿಂಟ್ ಲೋಮಾದಲ್ಲಿ ವಾಸವಾಗಿದ್ದ, ಅವನ ಹೆಂಡತಿ ಅಲ್ಲಿನ ಥಿಯಾಸಫಿ ಆಶ್ರಮದವಳು. ಇದನ್ನು ಹಿಡಿದು, ಆಟಕ್ಕೆ ಥಿಯಾಸಫಿಸ್ಟನೇ ತಂದೆಯಾಗಬೇಕೆಂದು ಸಂಚು ನಡೆಯಿತು ಎನ್ನುವವರಿದ್ದಾರೆ. ಆದರೆ ಸ್ಪಾಲ್ಡಿಂಗ್‌ಗೆ ಬೇಕಿದ್ದದ್ದು ಬೇಸ್‌ಬಾಲ್ ಇಂಗ್ಲೆಂಡಿನಿಂದ ಬಂದದ್ದಲ್ಲ, ಅಪ್ಪಟ ಅಮೆರಿಕದ್ದು ಎಂಬ ತೀರ್ಪು. ಯುದ್ಧವೀರನೊಬ್ಬನ ಹೆಸರು ಅದಕ್ಕೆ ಸಾಕಾಯಿತು.

"ಓಜ್ ಮಾಂತ್ರಿಕನ ಕತೆ ಥಿಯಾಸಫಿಯ ಗೂಢ ರೂಪಕ"

ಎಲ್. ಫ್ರ್ಯಾಂಕ್ ಬಾಮ್ ಮತ್ತು ಅವನ ಹೆಂಡತಿ ಮಾಡ್ 1892ರಲ್ಲಿ ಶಿಕಾಗೋದಲ್ಲಿ ಸಮಾಜ ಸೇರಿದರು. ಅವರು ಸೇರಿದ ಶಾಖೆಯ ಹೆಸರು ರಾಮಾಯಣ ಥಿಯಾಸಫಿಕಲ್ ಸೊಸೈಟಿ! ಅವನ 'ದಿ ವಂಡರ್‌ಫುಲ್ ವಿಜರ್ಡ್ ಆಫ್ ಓಜ್' ಬಂದದ್ದು 1900ರಲ್ಲಿ. ಅಲ್ಲಿಂದ ಹಳದಿ ಇಟ್ಟಿಗೆಯ ದಾರಿಯೇ ಆತ್ಮಸಾಧನೆಯ ಮಾರ್ಗ, ಹುಲ್ಲಿನ ಮನುಷ್ಯ, ತಗಡಿನ ಮನುಷ್ಯ, ಸಿಂಹ ಮೂವರೂ ಬುದ್ಧಿ, ಹೃದಯ, ಸಂಕಲ್ಪ ಎಂದು ಬಿಡಿಸುತ್ತ ಹೋಗಬಹುದು. ಆದರೆ 1964ರಲ್ಲಿ ಶಾಲಾ ಮೇಷ್ಟರೊಬ್ಬರು ಅದೇ ಕತೆಯನ್ನು ಚಿನ್ನ ಬೆಳ್ಳಿ ನಾಣ್ಯದ ರಾಜಕೀಯವೆಂದು ಅಷ್ಟೇ ಸಲೀಸಾಗಿ ಓದಿದರು. ಬಾಮ್ ಹೇಳಿಕೊಂಡದ್ದು ಇಷ್ಟೇ: ಮಕ್ಕಳ ಸಂತೋಷಕ್ಕಾಗಿ ಬರೆದೆ. ಅವನ ಆ ಮಾತನ್ನು ನಂಬುವುದೇ ಸರಿ.

ಪ್ರಭಾವ ಹುಡುಕುವುದಾದರೆ ಕತೆಯ ಸಂಕೇತಗಳನ್ನು ಬಿಟ್ಟು ಮನೆಯೊಳಗೆ ನೋಡಬೇಕು. ಬಾಮ್‌ನ ಅತ್ತೆ ಮಟಿಲ್ಡಾ ಜೋಸ್ಲಿನ್ ಗೇಜ್ ಮಹಿಳಾ ಮತಾಧಿಕಾರ ಚಳವಳಿಯ ಮುಂಚೂಣಿಯವರು, ಸೂಸನ್ ಆಂಥನಿ ಮತ್ತು ಎಲಿಜಬೆತ್ ಸ್ಟ್ಯಾಂಟನ್ ಜತೆ ಆ ಚಳವಳಿಯ ಇತಿಹಾಸ ಬರೆದವರು. ಅಳಿಯನಿಗಿಂತ ಏಳು ವರ್ಷ ಮೊದಲೇ ಥಿಯಾಸಫಿ ಸೇರಿದವರು. ಚರ್ಚು ಹೆಣ್ಣನ್ನು ಕೆಳಗಿಟ್ಟಿದೆ ಎಂದು ಪುಸ್ತಕವನ್ನೇ ಬರೆದ ಗೇಜ್‌ಗೆ, ಹೆಣ್ಣೊಬ್ಬಳು ಸ್ಥಾಪಕಳಾಗಿ, ಗುರುವಾಗಿ ನಿಂತ ಧಾರ್ಮಿಕ ಸಂಘಟನೆ ಹಿಡಿಸಿದ್ದು ಸಹಜ. ಮಕ್ಕಳಿಗೆ ಹೇಳುವ ಕತೆಗಳನ್ನು ಬರೆದಿಡು ಎಂದು ಅಳಿಯನ ಬೆನ್ನುಹತ್ತಿದವರು ಅವರೇ. ಓಜ್ ನಾಡಿನಲ್ಲಿ ನಿಜವಾದ ಶಕ್ತಿ ಇರುವುದು ಹೆಂಗಸರ ಕೈಯಲ್ಲಿ, ಗಂಡಸಾದ ಮಾಂತ್ರಿಕ ಪರದೆಯ ಹಿಂದಿನ ಸೋಗುಗಾರ. ಗೇಜ್ ಮನೆಯ ಗಾಳಿ ಇಲ್ಲಿದೆ.

"ಜನಾಂಗಭೇದಕ್ಕೆ ಅಲ್ಲಿ ಜಾಗವೇ ಇರಲಿಲ್ಲ"

ಜನಾಂಗ, ಮತ, ಲಿಂಗ, ಜಾತಿ, ಬಣ್ಣ ನೋಡದ ವಿಶ್ವಭ್ರಾತೃತ್ವ ಎನ್ನುವುದು ಸಮಾಜದ ಮೊದಲ ಉದ್ದೇಶ. ಅಂದಿನ ಅಮೆರಿಕದಲ್ಲಿ ಹಾಗೆ ಬರೆದಿಡುವುದೇ ಧೈರ್ಯ. ಆದರೆ 1888ರ 'ದಿ ಸೀಕ್ರೆಟ್ ಡಾಕ್ಟ್ರಿನ್' ಮೂಲ ಜನಾಂಗಗಳ ಏಣಿಯೊಂದನ್ನೂ ಕಟ್ಟಿತು. ಅದರಲ್ಲಿ ಕೆಲವು ಬುಡಕಟ್ಟುಗಳು ಅಳಿದುಹೋಗಬೇಕಾದ ಹಳೆಯ ಪೀಳಿಗೆ. ಗೇಜ್ ಮೂಲನಿವಾಸಿಗಳ ಹಕ್ಕಿನ ಪರ ಬರೆದರು, ಮೊಹಾಕ್ ಜನ ಅವರನ್ನು ತಮ್ಮ ಕುಲಕ್ಕೆ ಸೇರಿಸಿಕೊಂಡರು. ಅಳಿಯ ಬಾಮ್ ಡಕೋಟಾದ ತನ್ನ ಪತ್ರಿಕೆಯಲ್ಲಿ 1890ರ ಆರಂಭದಲ್ಲಿ ಥಿಯಾಸಫಿಯನ್ನು ಓದುಗರಿಗೆ ಪರಿಚಯಿಸಿದ. ಅದೇ ವರ್ಷದ ಕೊನೆಗೆ, ಅದೇ ಪತ್ರಿಕೆಯಲ್ಲಿ, ಮೂಲನಿವಾಸಿಗಳನ್ನು ನಿರ್ಮೂಲ ಮಾಡಬೇಕೆಂದು ಬರೆದ. ಇದನ್ನು ಓದಿದಾಗ ಮೈ ಉರಿಯುತ್ತದೆ. ಒಂದೇ ಮನೆಯಲ್ಲಿ ಎರಡೂ ಇದ್ದವು ಎನ್ನುವುದನ್ನು ಮುಚ್ಚಿಡುವುದು ಸರಿಯಲ್ಲ.

"ಡಾಲರ್ ನೋಟಿನ ಪಿರಮಿಡ್ಡು ಮತ್ತು ಕಣ್ಣು ಥಿಯಾಸಫಿಯ ಲಾಂಛನ"

ಆ ಚಿತ್ರ ಅಮೆರಿಕದ ರಾಷ್ಟ್ರಮುದ್ರೆಯ ಹಿಂಬದಿ, ಒಪ್ಪಿಗೆಯಾದದ್ದು 1782ರಲ್ಲಿ. ಆಗ ಬ್ಲಾವಟ್‌ಸ್ಕಿ ಹುಟ್ಟಿರಲೇ ಇಲ್ಲ. ಅದು ಒಂದು ಡಾಲರ್ ನೋಟಿನ ಮೇಲೆ ಬಂದ ಬಗೆಯಲ್ಲಿ ಮಾತ್ರ ಥಿಯಾಸಫಿಯ ಕೈಯಿದೆ. ರೂಸ್‌ವೆಲ್ಟ್ ಸರ್ಕಾರದ ಕೃಷಿ ಕಾರ್ಯದರ್ಶಿ ಹೆನ್ರಿ ವಾಲೇಸ್ 1934ರಲ್ಲಿ ಆ ಮುದ್ರೆಯ ಚಿತ್ರ ಕಂಡು, ನಾಣ್ಯದ ಮೇಲೆ ಹಾಕೋಣವೆಂದು ಅಧ್ಯಕ್ಷರ ಬಳಿ ಒಯ್ದರು. ರೂಸ್‌ವೆಲ್ಟ್ ನೋಟಿಗೇ ಹಾಕಿಸಿದರು, 1935ರಿಂದ ಅದು ಅಲ್ಲಿದೆ. ವಾಲೇಸ್ ಹತ್ತು ವರ್ಷ ಥಿಯಾಸಫಿಕಲ್ ಸೊಸೈಟಿಯ ಸದಸ್ಯರಾಗಿದ್ದವರು, ಹೈಬ್ರಿಡ್ ಮೆಕ್ಕೆಜೋಳದ ಬೀಜದ ಕಂಪನಿ ಕಟ್ಟಿದ ಕೃಷಿ ವಿಜ್ಞಾನಿಯೂ ಹೌದು. ಮುಂದೆ ದೇಶದ ಉಪಾಧ್ಯಕ್ಷರಾದರು. ಥಿಯಾಸಫಿಯ ಒಲವಿದ್ದ ಚಿತ್ರಕಾರ ನಿಕೋಲಸ್ ರೋರಿಕ್‌ಗೆ ಗುರುವೆಂದು ಸಂಬೋಧಿಸಿ ಅವರು ಬರೆದ ಪತ್ರಗಳನ್ನು 1948ರಲ್ಲಿ, ಅವರು ಅಧ್ಯಕ್ಷ ಚುನಾವಣೆಗೆ ನಿಂತಾಗ, ಒಬ್ಬ ಅಂಕಣಕಾರ ಹೊರತಂದು ಅವರನ್ನು ನಗೆಪಾಟಲು ಮಾಡಿದ. ಅಮೆರಿಕದ ರಾಜಕಾರಣಿಗೆ ಥಿಯಾಸಫಿ ದುಬಾರಿಯಾಗಿ ಬಿದ್ದ ಉದಾಹರಣೆ ಇದು.

"ವಿವೇಕಾನಂದರನ್ನು ಅಮೆರಿಕಕ್ಕೆ ತಲುಪಿಸಿದ್ದು ಥಿಯಾಸಫಿ"

1893ರ ಶಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ಆನಿ ಬೆಸೆಂಟ್, ಜಡ್ಜ್, ಧರ್ಮಪಾಲ, ಜ್ಞಾನೇಂದ್ರನಾಥ ಚಕ್ರವರ್ತಿ ಇವರೆಲ್ಲ ಇದ್ದರು. ಥಿಯಾಸಫಿಯ ಸಭೆಗಳಿಗೆ ಜನ ಕಿಕ್ಕಿರಿದಿದ್ದರು. ವಿವೇಕಾನಂದರು ಮಾತ್ರ ಅವರ ಬೆಂಬಲದಿಂದ ಹೋದವರಲ್ಲ. ಪರಿಚಯ ಪತ್ರ ಕೇಳಲು ಹೋದಾಗ ಸಮಾಜ ಸೇರುತ್ತೀರಾ ಎಂದು ಕೇಳಿದರು, ಇಲ್ಲವೆಂದದ್ದಕ್ಕೆ ಸಹಾಯ ಸಿಗಲಿಲ್ಲ ಎಂದು 1897ರಲ್ಲಿ ಮದರಾಸಿನ ಸಭೆಯಲ್ಲಿ ಅವರೇ ನೊಂದು ಹೇಳಿದರು. ದಾರಿಖರ್ಚಿಗೆ ಮನೆಮನೆ ತಿರುಗಿದವರು ಮದರಾಸಿನಲ್ಲಿ ಮೇಷ್ಟರಾಗಿದ್ದ ಅಳಸಿಂಗ ಪೆರುಮಾಳ್ ಮತ್ತು ಅವರ ಗೆಳೆಯರು. ಅಳಸಿಂಗರು ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ.

ಹಾಗೆಂದು ಅಮೆರಿಕದ ನೆಲ ಬರಡಾಗಿತ್ತೆಂದೂ ಅಲ್ಲ. ಎಮರ್ಸನ್ ಮತ್ತು ಥೋರೋ 1840ರ ದಶಕದಲ್ಲೇ ಭಗವದ್ಗೀತೆ ಓದಿದ್ದರು, ಥೋರೋ ತನ್ನ 'ವಾಲ್ಡನ್' ಪುಸ್ತಕದಲ್ಲಿ ಅದನ್ನು ಕೊಂಡಾಡಿದ. ಅದು ಪಂಡಿತರ ಓದು. 1890ರಲ್ಲಿ ಜಡ್ಜ್ ನ್ಯೂಯಾರ್ಕಿನಿಂದ ಗೀತೆಯ ತಮ್ಮದೇ ಆವೃತ್ತಿ ಹೊರತಂದು, ಊರೂರಿನ ಲಾಡ್ಜುಗಳಲ್ಲಿ, ಅಂದರೆ ಸಮಾಜದ ಶಾಖೆಗಳಲ್ಲಿ, ಗುಮಾಸ್ತರೂ ಗೃಹಿಣಿಯರೂ ಕೂತು ಚರ್ಚಿಸುವಂತೆ ಮಾಡಿದರು. ವಿವೇಕಾನಂದರ ಮಾತಿಗೆ ಕಿವಿಗೊಟ್ಟ ಸಾಮಾನ್ಯರಲ್ಲಿ ಹೀಗೆ ಹದಗೊಂಡವರೂ ಇದ್ದರು. ಜಗಳವೂ ನಿಜ, ಋಣವೂ ನಿಜ.

"ವಿಜ್ಞಾನಕ್ಕೂ ಥಿಯಾಸಫಿಗೂ ಎಣ್ಣೆ ಸೀಗೆಕಾಯಿ ಸಂಬಂಧ"

ಈ ಮಾತಿಗೆ ಉತ್ತರ ಕ್ಯಾಲಿಫೋರ್ನಿಯಾ ಕರಾವಳಿಯ ಹ್ಯಾಲ್ಸಿಯನ್ ಎಂಬ ಪುಟ್ಟ ಊರಿನಲ್ಲಿದೆ. ಥಿಯಾಸಫಿಯಿಂದ ಕವಲೊಡೆದ ಒಂದು ಪಂಗಡ 1903ರಲ್ಲಿ ಅಲ್ಲಿ ನೆಲೆಸಿತು. ಒಬ್ಬ ವೈದ್ಯ ಅಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ, ಜನ ಕೃಷಿ ಮಾಡಿಕೊಂಡು ದೇವಾಲಯ ಕಟ್ಟಿಕೊಂಡು ಬದುಕುತ್ತಿದ್ದರು. 1914ರಲ್ಲಿ ಜಾನ್ ವೇರಿಯನ್ ಎಂಬ ಐರಿಷ್ ವಲಸಿಗ ಹೆಂಡತಿ ಮಕ್ಕಳೊಂದಿಗೆ ಅಲ್ಲಿಗೆ ಬಂದ. ಐರಿಷ್ ಪುರಾಣಗಳ ಹುಚ್ಚು, ಸಂಗೀತದ ಹುಚ್ಚು, ದುಡ್ಡಿಲ್ಲದ ಮನೆ. ಅವನ ಹಿರಿಮಗ ರಸೆಲ್‌ಗೆ ಓದುವುದೇ ಕಷ್ಟ, ಆದರೂ ಸ್ಟ್ಯಾನ್‌ಫರ್ಡಿನಲ್ಲಿ ಭೌತಶಾಸ್ತ್ರ ಕಲಿತ. ತಮ್ಮ ಸಿಗರ್ಡ್ ವಿಮಾನ ಚಾಲಕನಾದ. 1937ರಲ್ಲಿ ಇಬ್ಬರೂ ಸೇರಿ ಸ್ಟ್ಯಾನ್‌ಫರ್ಡಿನಲ್ಲಿ ಕ್ಲೈಸ್ಟ್ರಾನ್ ಎಂಬ ಮೈಕ್ರೋವೇವ್ ಕೊಳವೆಯನ್ನು ಕಂಡುಹಿಡಿದರು. ರಾಡಾರಿಗೆ ಅದು ಬೇಕಾಯಿತು, ಕಣವೇಗೋತ್ಕರ್ಷಕಗಳಿಗೆ ಅದು ಬೇಕಾಯಿತು. 1948ರಲ್ಲಿ ಅವರು ತೆರೆದ ವೇರಿಯನ್ ಕಂಪನಿ ಸ್ಟ್ಯಾನ್‌ಫರ್ಡಿನ ಕೈಗಾರಿಕಾ ಪಾರ್ಕಿಗೆ ಬಂದ ಮೊದಲ ಸಂಸ್ಥೆ, ಇಂದಿನ ಸಿಲಿಕಾನ್ ಕಣಿವೆಯ ಮೊದಲ ಮೊಳಕೆಗಳಲ್ಲೊಂದು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರಗಳ ಮೇಲೆ ಇಂದಿಗೂ ಆ ಹೆಸರಿದೆ.

ಕ್ಲೈಸ್ಟ್ರಾನ್ ಥಿಯಾಸಫಿಯ ತತ್ತ್ವದಿಂದ ಹುಟ್ಟಲಿಲ್ಲ. ಆದರೆ ಲಾಭಕ್ಕಿಂತ ಸಹಬಾಳ್ವೆ ದೊಡ್ಡದು ಎಂಬ ಹ್ಯಾಲ್ಸಿಯನ್ ಪಾಠ ಅಣ್ಣತಮ್ಮಂದಿರ ಜೊತೆಗೇ ಬಂತು. ಕಂಪನಿಯ ಪಾಲು ನೌಕರರದೇ ಆಗಿರಬೇಕೆಂದು ಅವರು ಮೊದಲಿಗೆ ಹಟ ಹಿಡಿದದ್ದರಲ್ಲಿ ಅದು ಕಾಣುತ್ತದೆ.

ಅದೇ ಮನೆಗೆ ಬಂದುಹೋಗುತ್ತಿದ್ದ ಇನ್ನೊಬ್ಬ ಹುಡುಗ ಹೆನ್ರಿ ಕವೆಲ್. ಹಿರಿಯ ವೇರಿಯನ್‌ನ ಐರಿಷ್ ಪುರಾಣದ ನಾಟಕಕ್ಕೆ ಸಂಗೀತ ಬರೆಯುತ್ತ, 1917ರ ಹೊತ್ತಿಗೆ ಕಡಲಿನ ಮೊರೆತಕ್ಕಾಗಿ ಪಿಯಾನೋದ ಮನೆಗಳನ್ನು ಮುಂದೋಳು ಊರಿ ಒಟ್ಟಿಗೆ ಒತ್ತಿದ. ಅಮೆರಿಕದ ಆಧುನಿಕ ಸಂಗೀತದಲ್ಲಿ ಆ ನಾದದ ಗೊಂಚಲು ದೊಡ್ಡ ತಿರುವು. ಮುಂದೆ ಜಾನ್ ಕೇಜ್ ಪಾಠ ಕೇಳಿದ್ದು ಇದೇ ಕವೆಲ್ ಬಳಿ. ಯಾವ ಪ್ರಸಿದ್ಧರ ಪಟ್ಟಿಯಲ್ಲೂ ಜಾನ್ ವೇರಿಯನ್ ಹೆಸರಿಲ್ಲ. ಎಡಿಸನ್‌ನ ಸಹಿಗಿಂತ ಈ ಮನುಷ್ಯನ ಮನೆ ಅಮೆರಿಕಕ್ಕೆ ಹೆಚ್ಚು ಕೊಟ್ಟಿತು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

"ಹಾಲಿವುಡ್ಡಿಗೂ ಇದಕ್ಕೂ ಏನೂ ನಂಟಿಲ್ಲ"

ಸಿನಿಮಾ ಸ್ಟುಡಿಯೋಗಳು ಬೇರೂರುತ್ತಿದ್ದ ಕಾಲಕ್ಕೇ, 1912ರಲ್ಲಿ, ಹಾಲಿವುಡ್ ಬೆಟ್ಟದ ಮೇಲೆ ಕ್ರೊಟೋನಾ ಎಂಬ ಥಿಯಾಸಫಿ ವಸಾಹತು ತಲೆ ಎತ್ತಿತು. 1918ರಲ್ಲಿ ಅಲ್ಲಿ ಬುದ್ಧನ ಬದುಕಿನ 'ದಿ ಲೈಟ್ ಆಫ್ ಏಷ್ಯಾ' ನಾಟಕವನ್ನು ಬಯಲಿನಲ್ಲೇ ಆಡಿದರು. ಬುದ್ಧನಾಗಿ ವಾಲ್ಟರ್ ಹ್ಯಾಂಪ್ಡನ್, ನೃತ್ಯಕ್ಕೆ ರೂತ್ ಸೇಂಟ್ ಡೆನಿಸ್. ಅದರ ಯಶಸ್ಸಿನಿಂದ ಹುರುಪುಗೊಂಡ ಥಿಯಾಸಫಿಸ್ಟ್ ಕ್ರಿಸ್ಟೀನ್ ವೆದರಿಲ್ ಸ್ಟೀವನ್‌ಸನ್ ಧಾರ್ಮಿಕ ನಾಟಕಗಳಿಗೆಂದು ಗೆಳೆಯರೊಂದಿಗೆ ಒಂದು ಕಣಿವೆಯ ಜಮೀನು ಕೊಂಡರು. ಉಳಿದವರಿಗೆ ಸಂಗೀತ ಬೇಕಿತ್ತು, ಕ್ರಿಸ್ಟೀನ್ ಬೇರೆಯಾದರು. ಆ ಕಣಿವೆಯೇ ಹಾಲಿವುಡ್ ಬೌಲ್.

"ಟಿಬೆಟಿನ ಮೃತರ ಪುಸ್ತಕ ಟಿಬೆಟಿನಿಂದ ನೇರ ಬಂದದ್ದು"

1927ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ ಆ ಪುಸ್ತಕದ ಸಂಪಾದಕ ವಾಲ್ಟರ್ ಇವಾನ್ಸ್‌ವೆಂಟ್ಸ್ ನ್ಯೂಜೆರ್ಸಿಯಲ್ಲಿ ಹುಟ್ಟಿ, ಪಾಯಿಂಟ್ ಲೋಮಾದಲ್ಲಿ ಥಿಯಾಸಫಿ ಕಲಿತವನು. ಅವನಿಗೆ ಟಿಬೆಟನ್ ಬರುತ್ತಿರಲಿಲ್ಲ. ಅನುವಾದಿಸಿದವರು ಸಿಕ್ಕಿಮಿನ ಲಾಮಾ ಕಾಜಿ ದಾವಾ ಸಮ್ದುಪ್, ಅವರು 1922ರಲ್ಲೇ ತೀರಿಕೊಂಡರು. ಮೂಲದ ಸುತ್ತ ಇವಾನ್ಸ್‌ವೆಂಟ್ಸ್ ಬರೆದ ಮುನ್ನುಡಿ, ಅಡಿಟಿಪ್ಪಣಿಗಳಲ್ಲಿ ಪುನರ್ಜನ್ಮದ ಥಿಯಾಸಫಿ ವ್ಯಾಖ್ಯಾನ ತುಂಬಿದೆ. 1964ರಲ್ಲಿ ಟಿಮೊಥಿ ಲಿಯರಿ ಮತ್ತು ಗೆಳೆಯರು ಇದನ್ನೇ ಆಧಾರವಾಗಿಟ್ಟು ಎಲ್‌ಎಸ್‌ಡಿ ಅನುಭವಕ್ಕೆ ಕೈಪಿಡಿ ಬರೆದರು. ಹಿಪ್ಪಿ ಪೀಳಿಗೆ ಟಿಬೆಟ್ ಎಂದು ಓದಿದ್ದರಲ್ಲಿ ಪಾಲು ಕ್ಯಾಲಿಫೋರ್ನಿಯಾದ್ದೂ ಇತ್ತು.

"ಅಮೆರಿಕದ ಥಿಯಾಸಫಿ ಎಂದರೆ ಅಡ್ಯಾರಿನ ಒಂದು ಶಾಖೆ, 1929ಕ್ಕೆ ಅದರ ಕತೆ ಮುಗಿಯಿತು"

ಕೃಷ್ಣಮೂರ್ತಿ 1929ರಲ್ಲಿ, ತಮ್ಮನ್ನು ಲೋಕಗುರುವೆಂದು ನಂಬಿದ್ದ ನಕ್ಷತ್ರ ಸಂಘವನ್ನು ವಿಸರ್ಜಿಸಿದ್ದು ದೊಡ್ಡ ಹೊಡೆತವೇ. ಆದರೆ ಅಮೆರಿಕದ ಬಹುಪಾಲು ಸದಸ್ಯರು 1895ರಲ್ಲೇ ಜಡ್ಜ್ ಜೊತೆ ಅಡ್ಯಾರಿನಿಂದ ಬೇರೆಯಾಗಿದ್ದರು. ಆ ಕವಲಿನಲ್ಲಿ ಕ್ಯಾಥರಿನ್ ಟಿಂಗ್ಲಿ ಪಾಯಿಂಟ್ ಲೋಮಾ ಕಟ್ಟಿದರು, ಅಲ್ಲಿಂದ ಹೊರಬಂದ ರಾಬರ್ಟ್ ಕ್ರಾಸ್ಬಿ 1909ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್ ತೆರೆದರು. ಅದಕ್ಕೆ ಅಧ್ಯಕ್ಷರಿಲ್ಲ, ಪದಾಧಿಕಾರಿಗಳಿಲ್ಲ, ಅದರ ಲೇಖನಗಳಿಗೆ ಬರೆದವರ ಹೆಸರೂ ಇರುವುದಿಲ್ಲ.

ಮದರಾಸಿನಲ್ಲಿ 1918ರಲ್ಲಿ ಕಾರ್ಮಿಕ ಸಂಘ ಕಟ್ಟಿದ ಬಿ.ಪಿ. ವಾಡಿಯಾ 1922ರಲ್ಲಿ ಅಡ್ಯಾರ್ ಬಿಟ್ಟು ಈ ಲಾಡ್ಜಿಗೆ ಸೇರಿದರು. ಅಮೆರಿಕದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಕೊಲಂಬಿಯಾ ದೇಶದಲ್ಲಿ ಹುಟ್ಟಿದ ಪತ್ನಿ ಸೋಫಿಯಾ ಜೊತೆ ಭಾರತಕ್ಕೆ ಮರಳಿ, 1945ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸ್ಥಾಪಿಸಿದರು. ಅಲ್ಲಿ ಉಪನ್ಯಾಸ ಕೇಳಿ, ಗ್ರಂಥಾಲಯದಲ್ಲಿ ಓದಿ ಬೆಳೆದ ಬೆಂಗಳೂರಿಗರು ಅದನ್ನು ಅಡ್ಯಾರಿನ ಕೂಸು ಎಂದುಕೊಂಡರೆ ಅದು ತಪ್ಪು. ಅದರ ಸ್ಥಾಪಕ ದಂಪತಿ ಹಿಡಿದಿದ್ದ ದಾರಿ ಲಾಸ್ ಏಂಜಲಿಸ್‌ನದು. ಸಂಸ್ಥೆಯ ವೇದಿಕೆ ಮಾತ್ರ ಮೊದಲಿನಿಂದಲೂ ಎಲ್ಲ ಮತ, ಎಲ್ಲ ವಿಚಾರದವರಿಗೆ ತೆರೆದದ್ದು.